ಟವೆಲ್ ಹಿಡಿದವಳು

ಟೈಲರಕ್ಕ ಪ್ರತಿ ಭಾನುವಾರ ದೇವರ ಮುಂದೆ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಕಟಿಂಗ್ ಮಾಸ್ಟರಿಗೆ ತಕ್ಕ ಶಾಸ್ತಿಯಾಗಲಿ. ಎಂಥ ಶಾಸ್ತಿ ಎಂಬುದನ್ನು ಅವಳು ದೇವರ ವಿವೇಚನೆಗೇ ಬಿಟ್ಟಿದ್ದಳು. ಆದರೆ ಬೆಂಕಿ ಇದ್ದರೆ ಒಳ್ಳೆಯದು ಎಂದು ಆಗಾಗ ಸೂಚಿಸುವುದನ್ನು ಮರೆಯುತ್ತಿರಲಿಲ್ಲ. ದೇವರು ವರ್ಷಗಟ್ಟಲೆ ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ ಒಂದು ಭಾನುವಾರ, ಅವಳು ಕಣ್ಣು ಮುಚ್ಚಿ ಅದೇ ಪ್ರಾರ್ಥನೆಯ ನಡುವೆ ಇದ್ದಾಗ, ಮಾಸ್ಟರನ್ನು ಅವಳ ಸಭೆಗೇ ಕರೆತಂದು ಅವಳ ಮುಂದಿನ ಬೆಂಚಿನಲ್ಲೇ ಕೂರಿಸಿದ.

ಕಣ್ಣು ಬಿಟ್ಟಾಗ ಅವಳಿಗೆ ಮೊದಲು ಕಂಡದ್ದು ಆ ಕತ್ತು. ಕೂದಲು ಬೆಳ್ಳಗಾಗಿತ್ತು, ಭುಜ ಜೋತುಬಿದ್ದಿತ್ತು. ಆದರೂ ಎಡಕ್ಕೆ ವಾಲಿದ ಆ ಕತ್ತನ್ನು ಅವಳು ಸಾವಿರ ಜನರ ಮಧ್ಯೆಯೂ ಗುರುತಿಸುತ್ತಿದ್ದಳು. ಉದ್ದನೆಯ ಮೇಜಿನ ಮೇಲೆ ಬಗ್ಗಿ ಥಾನುಗಟ್ಟಲೆ ಬಟ್ಟೆ ಕತ್ತರಿಸಿ ಕತ್ತರಿಸಿ ವಾಲಿದ ಕತ್ತು ಅದು. ಅವಳಿಗೆ ‘ಆಮೆನ್’ ಎನ್ನಲು ಬಾಯಿ ಬರಲಿಲ್ಲ.

ನಡೆದದ್ದು ಇಷ್ಟು. ಟೈಲರಕ್ಕ ಆಗಿನ್ನೂ ತಂಗಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಅಕ್ಕನಾಗಿರಲಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೋಟುಗಳ ಒಳಗೆ ಲೈನಿಂಗ್ ಬಟ್ಟೆ ಹೊಲಿಯುವ ಹುಡುಗಿ. ಮದುವೆ ಗೊತ್ತಾಗಿತ್ತು. ಆ ದಿನಗಳಲ್ಲಿ ಕಟಿಂಗ್ ವಿಭಾಗದಿಂದ ಬಟ್ಟೆ ಕಾಣೆಯಾಗುತ್ತಿದೆ ಎಂಬ ಗುಸುಗುಸು ಎದ್ದು, ಮೇಲಿನವರು ವಿಚಾರಣೆ ಮಾಡುತ್ತೇವೆ ಎಂದರು. ಒಂದು ಸಂಜೆ ಗೇಟಿನಲ್ಲಿ ಮಾಸ್ಟರ್ ತಾನೇ ಅವಳ ಬ್ಯಾಗು ತೆಗೆದುಕೊಂಡು ಎಲ್ಲರೆದುರು ಮೇಜಿನ ಮೇಲೆ ಸುರಿದ. ಊಟದ ಡಬ್ಬಿ, ಬಾಚಣಿಗೆ, ಕೊಡೆ, ಅವುಗಳ ಮೇಲೆ ನೀಟಾಗಿ ಮಡಿಸಿದ ನೀಲಿ ಸ್ಯಾಟಿನ್ ಬಟ್ಟೆ ಬಿತ್ತು. ಅವಳು ಅದನ್ನು ಇಟ್ಟಿರಲಿಲ್ಲ. ಬ್ಯಾಗುಗಳನ್ನು ನೇತುಹಾಕುವ ಕೋಣೆಯ ಕೀಲಿ ಇದ್ದದ್ದು ಮಾಸ್ಟರ್ ಬಳಿ. ಆದರೆ ಅವಳ ಮಾತನ್ನು ಯಾರು ಕೇಳುತ್ತಾರೆ? ಕೆಲಸ ಹೋಯಿತು, ಗೊತ್ತಾಗಿದ್ದ ಮದುವೆಯೂ ಹೋಯಿತು. ಅಪ್ಪ ಮಾತ್ರ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಕೋಣೆಯೊಳಗೆ ಬಂದರೆ ಅವನು ತನ್ನ ಪರ್ಸನ್ನು ಮೆಲ್ಲಗೆ ದಿಂಬಿನ ಅಡಿಗೆ ತಳ್ಳುತ್ತಿದ್ದ. ಸಾಯುವವರೆಗೂ ಹಾಗೇ ಮಾಡಿದ. ಅವನ ಅಂಗಿಗಳನ್ನೆಲ್ಲ, ಜೇಬೂ ಸೇರಿ, ಹೊಲಿದುಕೊಟ್ಟವಳು ಅವಳೇ.

ಸಭೆಯವರು ಇಂಥ ವಿಷಯ ಬಾಯಿಬಿಟ್ಟು ಆಡುವವರಲ್ಲ, ಮರ್ಯಾದಸ್ಥರು. ಟೈಲರಕ್ಕ ಬೆಂಚಿನಲ್ಲಿ ಬಂದು ಕೂತರೆ ಪಕ್ಕದ ಹೆಂಗಸರ ಬ್ಯಾಗುಗಳು ಬೆಂಚಿನಿಂದ ಮಡಿಲಿಗೆ ಏರುತ್ತಿದ್ದವು, ಅಷ್ಟೇ. ಅವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ, ಕೈ ತಾನಾಗೇ ಹೋಗುತ್ತಿತ್ತು. ಗೊತ್ತಾಗುತ್ತಿದ್ದದ್ದು ಅವಳೊಬ್ಬಳಿಗೆ.

ಮಾಸ್ಟರ್ ಸುಮ್ಮನೆ ಬಂದು ಕೂತು ಹೋಗುವವನಾಗಿದ್ದರೆ ಅವಳು ಬೆಂಚು ಬದಲಿಸಿ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದಳೇನೋ. ಅವನು ಬಂದದ್ದು ದೀಕ್ಷಾಸ್ನಾನಕ್ಕೆ. ಹೆಂಡತಿ ತೀರಿಹೋದ ಮೇಲೆ ಅವನಿಗೆ ತನ್ನ ಪಾಪಗಳ ಅರಿವಾಯಿತಂತೆ, ಹಗಲೂ ರಾತ್ರಿ ಅತ್ತನಂತೆ, ದೇವರು ಕ್ಷಮಿಸಿದ್ದಾನೆಂಬ ನೆಮ್ಮದಿ ಸಿಕ್ಕಿತಂತೆ. ಪಾಸ್ಟರು ಇದನ್ನು ಹೇಳಿದಾಗ ಸಭೆಯೆಲ್ಲ “ಸ್ತೋತ್ರ, ಸ್ತೋತ್ರ” ಎಂದಿತು. ಹುಟ್ಟಿದಾಗಿನಿಂದ ಒಂದು ಭಾನುವಾರವೂ ತಪ್ಪಿಸದವರಿಗೆ ಆ ಸಭೆಯಲ್ಲಿ ಯಾರೂ ಸ್ತೋತ್ರ ಹೇಳಿದ್ದು ನೆನಪಿಲ್ಲ. ಪಾಪ ಮಾಡದೆ ಇರುವುದು ಎಷ್ಟು ಮಂಕಾದ ಕೆಲಸ ಎಂದು ಟೈಲರಕ್ಕನಿಗೆ ಅವತ್ತು ಚೆನ್ನಾಗಿ ಅರ್ಥವಾಯಿತು.

ಆ ಸಭೆಯದು ಒಂದು ವಿಶೇಷ ಪದ್ಧತಿ. ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಟೈಲ್ಸ್ ಹಾಕಿದ ತೊಟ್ಟಿ. ನೀರಿನಲ್ಲಿ ಮುಳುಗಿ ಎದ್ದವನಿಗೆ ಟವೆಲ್ ಕೊಡುವವರು ಅವನ ಮನೆಯವರಲ್ಲ. ಬಾಳಿನಲ್ಲಿ ಅವನು ಯಾರಿಗೆ ಹೆಚ್ಚು ಅನ್ಯಾಯ ಮಾಡಿದ್ದಾನೋ ಅವರು. ಅವರು ಟವೆಲ್ ಹೊದಿಸಿದರೆ ಕ್ಷಮಿಸಿದಂತೆ. ಆಮೇಲೆ ಆ ಹಳೆಯದನ್ನು ಯಾರೂ ಎತ್ತುವ ಹಾಗಿಲ್ಲ. ನೀರಿನಲ್ಲಿ ಮುಳುಗಿದ್ದು ಮುಳುಗಿದ್ದೇ. ಎತ್ತಿದವರನ್ನು ಹಿರಿಯರು ಕರೆದು ಬುದ್ಧಿ ಹೇಳುತ್ತಿದ್ದರು. ಕೇಳಲು ದೊಡ್ಡ ಪದ್ಧತಿಯೇ, ಆದರೆ ಜನ ಅದಕ್ಕೂ ಒಂದು ಉಪಾಯ ಕಂಡುಕೊಂಡಿದ್ದರು. ಎಲ್ಲರೂ ಆರಿಸುತ್ತಿದ್ದದ್ದು ಒಣಗಿ ಹೋದ ಪಾಪಗಳನ್ನೇ. ಒಬ್ಬ ಅಳಿಯ ತನ್ನ ಅತ್ತೆಯನ್ನು ಕರೆದ, ಎಂದೋ ಅವಳ ಅಡುಗೆಯನ್ನು ಹೀಯಾಳಿಸಿದ್ದಕ್ಕಾಗಿ. ಒಬ್ಬ ಔಷಧಿ ಅಂಗಡಿಯವನು ತಮ್ಮನನ್ನು ಕರೆದ, ಚಿಕ್ಕಂದಿನಲ್ಲಿ ಅವನ ಸೈಕಲ್ಲಿನ ಗಾಳಿ ಬಿಟ್ಟಿದ್ದಕ್ಕಾಗಿ. ಇಬ್ಬರೂ ಗಳಗಳ ಅತ್ತರು, ಸಭೆಯೂ ಅತ್ತಿತು.

ಮಾಸ್ಟರ್ ಟೈಲರಕ್ಕನ ಹೆಸರು ಹೇಳಿದ.

ಸಭೆಗೆ ಆಶ್ಚರ್ಯವೋ ಆಶ್ಚರ್ಯ. ಬಾಗಿಲ ಬಳಿ ಸಭೆಯ ಹಿರಿಯರೊಬ್ಬರ ಹೆಂಡತಿ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಟೈಲರಕ್ಕನ ಕಿವಿಗೆ ಬಿತ್ತು.

“ಕದ್ದಿದ್ದು ಅವಳು, ಹಿಡಿದಿದ್ದು ಇವರು. ಆದ್ರೂ ಕೆಲಸದಿಂದ ತೆಗೆಸಿದ್ದು ಹೆಚ್ಚಾಯ್ತು ಅಂತ ಇವರೇ ಕ್ಷಮೆ ಕೇಳ್ತಿದಾರಲ್ಲ, ಎಂಥ ದೊಡ್ಡ ಮನಸ್ಸು ನೋಡ್ರೀ!”

ಟೈಲರಕ್ಕ ಆ ಮಾತನ್ನು ಹೊಲಿಗೆಯಂತೆ ಬಿಚ್ಚಿ ನೋಡಿದಳು. ಅಂದರೆ ಅವಳು ಸುಮ್ಮನೆ ಟವೆಲ್ ಕೊಟ್ಟರೆ ಅವನ ಪಾಪದ ಜೊತೆ ತನ್ನ ಮಾನವೂ ಅದೇ ತೊಟ್ಟಿಯಲ್ಲಿ ಮುಳುಗುತ್ತದೆ. ಮತ್ತೆ ಎಂದೂ ಎತ್ತುವ ಹಾಗಿಲ್ಲ. ಅವನು ಸ್ವರ್ಗಕ್ಕೆ ತೊಳೆದ ಬಟ್ಟೆಯಂತೆ ಹೋಗುತ್ತಾನೆ, ಅವಳು ಕ್ಷಮೆ ಪಡೆದ ಕಳ್ಳಿಯಾಗಿ ಅದೇ ಬೆಂಚಿನಲ್ಲಿ ಕೂತಿರುತ್ತಾಳೆ.

ಪಾಸ್ಟರ ಬಳಿ ಹೋದಳು. ಪಾಸ್ಟರು ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸದವರು. ಅದಕ್ಕೇ ಅವರಿಂದ ಯಾರಿಗೂ ಉಪಯೋಗವಿರಲಿಲ್ಲ.

“ದೇವರ ನ್ಯಾಯ ನಮ್ಮ ನ್ಯಾಯದ ಹಾಗಲ್ಲ, ಅಕ್ಕ,” ಎಂದರು.

“ಅದು ಗೊತ್ತಾಗ್ತಾ ಇದೆ.”

“ಕೃಪೆ ಅನ್ನೋದು ಯೋಗ್ಯತೆ ನೋಡಿ ಬರೋದಲ್ಲ.”

“ನಾನೇನು ಅವರಿಗೆ ಕೃಪೆ ಬೇಡ ಅಂದ್ನಾ? ಪೂರ್ತಿ ತಗೊಳ್ಲಿ. ಒಂದು ಮಾತು ಹೇಳಿ ತಗೊಳ್ಲಿ. ಕದ್ದಿದ್ದು ಅವಳಲ್ಲ, ನಾನು ಅಂತ. ಎಲ್ಲರ ಮುಂದೆ.”

“ಅದು ಅವರಿಗೂ ದೇವರಿಗೂ ಬಿಟ್ಟದ್ದು,” ಎಂದು ಪಾಸ್ಟರು ಕೈ ಮುಗಿದರು. ಆಮೇಲೆ, ಹೇಗೂ ಬಂದಿದ್ದಾಳಲ್ಲ ಎಂದು, ಮಾಸ್ಟರಿಗೆ ಬಿಳಿ ನಿಲುವಂಗಿಯ ಅಳತೆ ತೆಗೆಯಬೇಕು ಎಂದು ನೆನಪಿಸಿದರು. ಸಭೆಯ ದೀಕ್ಷಾಸ್ನಾನದ ನಿಲುವಂಗಿಗಳನ್ನು ಹೊಲಿಯುವವಳು ಅವಳೇ. ಇದ್ದ ನಿಲುವಂಗಿಗಳು ಆ ಉದ್ದನೆಯ ಮೈಗೆ ಮೊಣಕಾಲಿನವರೆಗೂ ಬರುತ್ತಿರಲಿಲ್ಲ.

ಹೀಗೆ, ದೇವರನ್ನು ನ್ಯಾಯ ಕೇಳಿದವಳಿಗೆ ದೇವರು ಒಬ್ಬ ಗಿರಾಕಿಯನ್ನು ಕಳಿಸಿದ.

ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಹೊಲಿಗೆ ಯಂತ್ರ, ಇಸ್ತ್ರಿಯ ಮೇಜು, ಕಿಟಕಿಯ ಬಳಿ ಗುಂಡಿ ಕಟ್ಟುತ್ತ ಕೂರುವ ತಂಗಿ. ಮಾಸ್ಟರ್ ಬಾಗಿಲಲ್ಲೇ ನಿಂತ. ಒಳಗೆ ಬನ್ನಿ ಎಂದು ತಂಗಿಯೇ ಕರೆಯಬೇಕಾಯಿತು. ಟೈಲರಕ್ಕ ಟೇಪು ಹಿಡಿದು ಭುಜದ ಅಗಲ ನೋಡಿದಳು, ಎದೆ ಸುತ್ತಳತೆ ನೋಡಿದಳು. ಟೇಪು ಸುತ್ತುವಾಗ ಅವನ ಎದೆ ಬಡಿಯುತ್ತಿದ್ದದ್ದು ಕೈಗೆ ಗೊತ್ತಾಯಿತು. ಇದಕ್ಕೂ ಒಂದು ಎದೆ ಇದೆಯಲ್ಲ ಎಂದು ಅವಳಿಗೆ ಸಿಟ್ಟು ಬಂತು.

“ಅಂಚಿನೊಳಗೆ ಏನು ಇಡ್ತೀರಿ?” ಎಂದು ಕೇಳಿದ. ಕಸುಬಿನವನು, ಮಾತಿಗೆ ಅದೇ ಸಿಕ್ಕಿತು. ಫ್ಯಾಕ್ಟರಿಯಲ್ಲಿ ‘ಏ ಹುಡುಗಿ’ ಎಂದು ಕರೆಯುತ್ತಿದ್ದವನು ಈಗ ಬಹುವಚನಕ್ಕೆ ಇಳಿದಿದ್ದ.

“ಸೀಸದ ಚೂರು. ಇಲ್ಲದಿದ್ರೆ ನೀರಲ್ಲಿ ನಿಲುವಂಗಿ ಉಬ್ಬಿ ಮೇಲಕ್ಕೆ ಬರುತ್ತೆ. ಎಲ್ಲರಿಗೂ ಎಲ್ಲ ಕಾಣುತ್ತೆ.”

“ನನ್ನದಕ್ಕೂ ಹಾಕ್ತೀರಾ?”

“ನಿಮ್ಮ ಮಾನ ತೆಗೆದು ನನಗೇನು ಆಗಬೇಕು, ಮಾಸ್ಟರೇ? ಹಾಕ್ತೀನಿ. ಮಾನ ಅಂದ್ರೆ ಏನು ಅಂತ ನನಗೆ ಗೊತ್ತು.”

ತಂಗಿ ಬಾಯಿಗೆ ಸೆರಗು ಒತ್ತಿ ನಕ್ಕಳು. ಮಾಸ್ಟರ್ ತಲೆ ತಗ್ಗಿಸಿದ.

“ನೋಡಮ್ಮ, ನಾನು ಎಲ್ಲಾನೂ ದೇವರ ಹತ್ರ ಹೇಳ್ಕೊಂಡಿದೀನಿ. ಒಂದೂ ಬಿಡದೆ. ದೇವರು ಕ್ಷಮಿಸಿದಾನೆ.”

“ಯಾಕೆ, ಬಟ್ಟೆ ಇಟ್ಟಿದ್ದು ದೇವರ ಬ್ಯಾಗಿನಲ್ಲಾ?”

ಟೈಲರಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡಳು.

“ಕೆಲಸ ಕೇಳ್ತಿಲ್ಲ, ಮದುವೆ ವಾಪಸ್ ಕೊಡಿ ಅಂತಿಲ್ಲ. ನಮ್ಮಪ್ಪ ಇದ್ದಾಗ ಹೇಳಿದ್ರೆ ಕಾಲು ಹಿಡೀತಿದ್ದೆ. ಈಗ ಅವನೂ ಇಲ್ಲ. ನೀವು ನೀರಿಗಿಳಿಯೋ ಮುಂಚೆ ಸಾಕ್ಷಿ ಹೇಳೋವಾಗ ಎಲ್ಲರ ಮುಂದೆ ಹೇಳಿ. ಕದ್ದಿದ್ದು ನಾನು, ಅವಳ ಬ್ಯಾಗಲ್ಲಿ ಇಟ್ಟಿದ್ದು ನಾನು. ಅಷ್ಟು ಹೇಳಿ, ನಾನೇ ಟವೆಲ್ ಹೊದಿಸ್ತೀನಿ.”

“ಹೇಳ್ತೀನಿ,” ಎಂದ ಮಾಸ್ಟರ್. ಅವನ ಕಣ್ಣಲ್ಲಿ ನೀರಿತ್ತು. “ಖಂಡಿತ ಹೇಳ್ತೀನಿ.”

ಅವನು ಹೋದ ಮೇಲೆ ತಂಗಿ ದಾರ ಕಚ್ಚಿ ಕತ್ತರಿಸಿ, “ಹೇಳಲ್ಲ ಬಿಡು,” ಎಂದಳು.

ಆ ಭಾನುವಾರ ಚಳಿ ಹಲ್ಲು ಕಟಕಟ ಅನ್ನಿಸುವಂತಿತ್ತು. ತೊಟ್ಟಿಯ ಹೀಟರ್ ಕೆಟ್ಟಿತ್ತು. ಪಾಸ್ಟರು ತಮ್ಮ ನಿಲುವಂಗಿಯ ಅಡಿಯಲ್ಲಿ ಸೊಂಟದವರೆಗೆ ರಬ್ಬರಿನ ಬೂಟು ಹಾಕಿಕೊಂಡಿದ್ದರು, ಅದು ಸಭೆಗೆಲ್ಲ ಗೊತ್ತಿದ್ದ ರಹಸ್ಯ. ಮಾಸ್ಟರ್ ಬರಿಗಾಲಲ್ಲಿ ವೇದಿಕೆಯ ಮೇಲೆ ನಿಂತು ಸಾಕ್ಷಿ ಹೇಳಲು ಶುರುಮಾಡಿದ. ಚೆನ್ನಾಗಿಯೇ ಹೇಳಿದ. ಕುಡಿತ, ಇಸ್ಪೀಟು, ಹೆಂಡತಿಯ ಕಣ್ಣೀರು, ಒಂದೊಂದಕ್ಕೂ ಸಭೆ ನಿಟ್ಟುಸಿರು ಬಿಟ್ಟಿತು. ಟೈಲರಕ್ಕ ತೊಟ್ಟಿಯ ಪಕ್ಕದಲ್ಲಿ ಟವೆಲ್ ಹಿಡಿದು ನಿಂತು ತನ್ನ ಸರದಿಗೆ ಕಾಯುತ್ತಿದ್ದಳು. ಮಾಸ್ಟರ್ ಅವಳ ಕಡೆ ನೋಡಿದ. ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಹಿರಿಯರು ಮೆಚ್ಚುಗೆಯಿಂದ ತಲೆಯಾಡಿಸುತ್ತ ಕೂತಿದ್ದದ್ದು ಅವನ ಕಣ್ಣಿಗೆ ಬಿತ್ತು.

“ಇನ್ನೂ ಹಲವರ ಮನಸ್ಸು ನೋಯಿಸಿದೀನಿ,” ಎಂದು ಮುಗಿಸಿಬಿಟ್ಟ.

ಹಲವರು! ಅವಳ ಕೆಲಸ, ಮದುವೆ, ಅಪ್ಪನ ದಿಂಬು ಎಲ್ಲ ಸೇರಿ ಆ ‘ಹಲವರು’ ಎಂಬುದರ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಇದ್ದವು. ಪಿಯಾನೋ ಶುರುವಾಯಿತು. ಮಾಸ್ಟರ್ ಮೆಟ್ಟಿಲಿಳಿದು ತೊಡೆಮಟ್ಟದ ನೀರಿಗೆ ಹೋದ. ಪಾಸ್ಟರು ಅವನ ಬೆನ್ನಿಗೆ ಕೈಕೊಟ್ಟು ಮುಳುಗಿಸಿ ಎಬ್ಬಿಸಿದರು. ನಿಲುವಂಗಿ ಒಂದಿಷ್ಟೂ ಉಬ್ಬಲಿಲ್ಲ, ಅಂಚು ನೆಟ್ಟಗೆ ಕೆಳಗೇ ಇತ್ತು. ಅವನು ಮೆಟ್ಟಿಲ ಬಳಿ ಬಂದು ಎರಡೂ ಕೈ ಚಾಚಿದ.

ಟೈಲರಕ್ಕ ಟವೆಲನ್ನು ಎದೆಗವಚಿಕೊಂಡು ನಿಂತಳು.

ಪಿಯಾನೋದವಳು ಕೀರ್ತನೆಯ ಕೊನೆಯ ಸಾಲನ್ನು ಇನ್ನೊಮ್ಮೆ ನುಡಿಸಿದಳು. ಸಭೆ ಇನ್ನೊಮ್ಮೆ ಹಾಡಿತು. ಮಾಸ್ಟರ್ ನಡುಗತೊಡಗಿದ. ಮೊದಲು ಗಲ್ಲ, ಆಮೇಲೆ ಭುಜ.

“ಅಕ್ಕ, ಟವೆಲ್,” ಪಾಸ್ಟರು ಪಿಸುಗುಟ್ಟಿದರು.

“ಅವರು ಒಂದು ಮಾತು ಮರೆತಿದಾರೆ. ಕಾಯ್ತೀನಿ.”

“ಅಕ್ಕ, ನೀರು ತಣ್ಣಗಿದೆ!”

“ನಿಮಗೆ ಬೂಟಿದೆಯಲ್ಲ, ಪಾಸ್ಟರೇ.”

ಕೀರ್ತನೆ ಮುಗಿಯಿತು, ಮತ್ತೆ ಶುರುವಾಯಿತು. ಮಾಸ್ಟರ ತುಟಿ ನೀಲಿಗಟ್ಟಿತು. ಯಾರೂ ಮುಂದೆ ಬರಲಿಲ್ಲ, ಟವೆಲನ್ನು ಬೇರೆಯವರು ಕೊಡುವ ಪದ್ಧತಿ ಇರಲಿಲ್ಲ. ಟೈಲರಕ್ಕ ಅವನನ್ನೇ ನೋಡುತ್ತ ನಿಂತಳು, ಅವಳ ಹೊಟ್ಟೆಯೊಳಗೆ ಎಷ್ಟೋ ವರ್ಷಗಳಿಂದ ಇರದಿದ್ದ ಒಂದು ಹಿತ ಹರಡುತ್ತಿತ್ತು. ಅವಳು ಅದಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡಳು. ಹಾಡು ಇನ್ನೂ ಸ್ವಲ್ಪ ಉದ್ದವಾಗಿರಬಾರದೇ ಅನ್ನಿಸಿತು.

“ಕದ್ದಿದ್ದು ನಾನು,” ಎಂದ ಮಾಸ್ಟರ್. ಪಿಯಾನೋ ನಿಂತಿತು. “ಫ್ಯಾಕ್ಟರೀಲಿ ಬಟ್ಟೆ ಕದ್ದು ಮಾರ್ತಾ ಇದ್ದೋನು ನಾನು. ಸಿಕ್ಕಿಬೀಳ್ತೀನಿ ಅಂತ ಇವರ ಬ್ಯಾಗಲ್ಲಿ ಇಟ್ಟೆ. ಇವರು ಒಂದು ನೂಲೂ ಕದ್ದಿಲ್ಲ.”

ಅಪ್ಪಾ, ಕೇಳಿಸಿತಾ, ಎಂದುಕೊಂಡಳು ಟೈಲರಕ್ಕ. ಅಪ್ಪನಿಗೆ ಕೇಳಿಸುವ ಕಾಲ ಎಂದೋ ಮುಗಿದಿತ್ತು. ಅವಳಿಗೆ ದುಃಖ ಉಕ್ಕಿ ಬಂತು. ಟವೆಲ್ ಹೊದಿಸುವಾಗ ಅವನ ಭುಜ ಎಲ್ಲಿ, ತನ್ನ ಕೈ ಎಲ್ಲಿ ಎಂಬುದೂ ಕಾಣಲಿಲ್ಲ.

ಮುಂದೆ ನಡೆದದ್ದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಸಭೆ ಎದ್ದು ನಿಂತಿತು. “ಎಂಥ ಧೈರ್ಯ!” “ಇಂಥ ಸಾಕ್ಷಿ ಈ ಸಭೇಲಿ ಇದುವರೆಗೂ ಕೇಳಿರ್ಲಿಲ್ಲ!” ಎಲ್ಲರೂ ಮಾಸ್ಟರನ್ನು ಮುತ್ತಿಕೊಂಡರು. ಹಿರಿಯರು ತಮ್ಮ ಕೋಟನ್ನೇ ಬಿಚ್ಚಿ ಅವನಿಗೆ ಹೊದಿಸಿದರು, ಯಾರೋ ಬಿಸಿ ಚಹಾ ತಂದರು. ಟೈಲರಕ್ಕ ಒಬ್ಬಳೇ ಒದ್ದೆ ಮೆಟ್ಟಿಲ ಬಳಿ ನಿಂತಿದ್ದಳು. ಯಾರಾದರೂ ಬಂದು ಏನಾದರೂ ಹೇಳುತ್ತಾರೆಂದು ಕಾದಳು. ಹಿರಿಯರ ಹೆಂಡತಿ ಬಂದಳು.

“ಅಲ್ಲಮ್ಮ, ವಯಸ್ಸಾದೋರನ್ನ ಚಳೀಲಿ ಅಷ್ಟು ಹೊತ್ತು ನಿಲ್ಲಿಸೋದಾ? ಒಂದು ಟವೆಲ್ ಕೊಡೋಕೆ ಇಷ್ಟೊಂದು ಕಲ್ಲು ಮನಸ್ಸಾ?”

ಮುಂದಿನ ಭಾನುವಾರ ಮಾಸ್ಟರ್ ಬರಲಿಲ್ಲ. ನೆಗಡಿ ಎದೆಗಿಳಿದು ಜ್ವರ ಬಂದು ಆಸ್ಪತ್ರೆ ಸೇರಿದ್ದ. ಪಾಸ್ಟರು ಅವನಿಗಾಗಿ ಪ್ರಾರ್ಥಿಸಿದರು, ಆಮೇಲೆ ಒಂದು ಘಳಿಗೆ ತಡೆದು, “ಕಠಿಣ ಹೃದಯಗಳಿಗಾಗಿಯೂ” ಪ್ರಾರ್ಥಿಸಿದರು. ಹೆಸರು ಹೇಳಲಿಲ್ಲ, ಮರ್ಯಾದಸ್ಥರು. ಟೈಲರಕ್ಕ ಬೆಂಚಿನಲ್ಲಿ ಕೂತಾಗ ಪಕ್ಕದ ಹೆಂಗಸಿನ ಬ್ಯಾಗು ಹಿಂದಿನಂತೆಯೇ ಮಡಿಲಿಗೆ ಏರಿತು, ಕೈಗೆ ಸಮಾಚಾರ ಇನ್ನೂ ತಲುಪಿರಲಿಲ್ಲ. ಈ ಸಲ ಬ್ಯಾಗಿನ ಜೊತೆ ಹೆಂಗಸೂ ಎದ್ದು ಆ ತುದಿಗೆ ಹೋದಳು.

ಮನೆಗೆ ಬಂದು ಟೈಲರಕ್ಕ ತಂಗಿಯ ಮುಂದೆ ಕಿರುಚಾಡಿದಳು. “ಕದ್ದೋನು ಸಂತ, ನಾನು ಕಟುಕಿ! ಇದ್ಯಾವ ನ್ಯಾಯಾನೇ? ಮಾಡಬಾರದ್ದೆಲ್ಲ ಮಾಡಿ ಒಂದು ಮುಳುಗು ಹಾಕ್ದ, ಬೆಳ್ಳಗಾಗಿಬಿಟ್ಟ. ನಾನು ಏನು ಮಾಡಿದೆ?”

“ಏನೂ ಮಾಡ್ಲಿಲ್ಲ, ನಿಂತ್ಕೊಂಡಿದ್ದೆ,” ಎಂದಳು ತಂಗಿ. “ಆದ್ರೆ ಅಕ್ಕ, ನಾನು ಎರಡನೇ ಸಾಲಲ್ಲಿದ್ದೆ. ನೀನು ಅಷ್ಟು ಖುಷಿಯಾಗಿರೋದನ್ನ ನಾನು ಯಾವತ್ತೂ ನೋಡಿಲ್ಲ.”

ಟೈಲರಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, ಇಸ್ತ್ರಿಯಾದ ಅಂಗಿಗೇ ಮತ್ತೆ ಇಸ್ತ್ರಿ ಹಾಕತೊಡಗಿದಳು.

“ಹೋಗಿ ನೋಡ್ಬಾ,” ಎಂದಳು ತಂಗಿ ಸ್ವಲ್ಪ ಹೊತ್ತಿನ ಮೇಲೆ. “ಸತ್ತರೆ ಆ ಮನುಷ್ಯ ಸೀದಾ ಸ್ವರ್ಗಕ್ಕೇ ಹೋಗೋದು, ಅದರಲ್ಲೇನೂ ಅನುಮಾನ ಇಲ್ಲ. ನೀನೂ ಅಲ್ಲಿಗೇ ಹೋಗ್ಬೇಕು ಅಂತಿದೀಯ. ಅಲ್ಲಿ ಹೋಗಿ ಮುಖ ತಿರುಗಿಸ್ಕೊಂಡು ಎಷ್ಟು ದಿನ ಕೂತಿರ್ತೀಯ? ಅಲ್ಲಿ ದಿನಾನೇ ಮುಗಿಯಲ್ವಂತೆ.”

ಆಸ್ಪತ್ರೆಯ ಉದ್ದನೆಯ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಮಾಸ್ಟರ್ ಮಲಗಿದ್ದ. ಅಷ್ಟುದ್ದದವನು ಜ್ವರಕ್ಕೆ ಒಂದು ಹಿಡಿಯಷ್ಟಾಗಿದ್ದ. ಅವಳನ್ನು ನೋಡಿ ಏಳಲು ಹೋಗಿ ಕೆಮ್ಮು ಬಂದು ಮತ್ತೆ ಒರಗಿದ. ಟೈಲರಕ್ಕ ಸ್ಟೂಲಿನ ತುದಿಯಲ್ಲಿ ಕೂತಳು.

“ನೀವು ಅವತ್ತು ಹಾಗೆ ನಿಲ್ಲದಿದ್ರೆ ನಾನು ಹೇಳ್ತಾನೇ ಇರ್ಲಿಲ್ಲ,” ಎಂದ. “ಅದನ್ನ ಹೊಟ್ಟೇಲಿ ಇಟ್ಕೊಂಡೇ ಸಾಯ್ತಿದ್ದೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ.”

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳ ಬಾಳು ಹಾಳು ಮಾಡಿದ್ದು ಸಾಲದು ಎಂದು ಅವಳ ಸಿಟ್ಟನ್ನೂ ತನ್ನ ಉದ್ಧಾರಕ್ಕೆ ಬಳಸಿಕೊಂಡಿದ್ದಾನೆ! ಥಾನಿನಲ್ಲಿ ಒಂದು ತುಂಡೂ ವ್ಯರ್ಥ ಮಾಡದ ಕಟಿಂಗ್ ಮಾಸ್ಟರ್.

“ಉಪಕಾರ ಅಂತ ಮಾಡ್ಲಿಲ್ಲ,” ಎಂದಳು ಬಿರುಸಾಗಿ. “ನಿಮ್ಮ ಒಳ್ಳೇದಕ್ಕೆ ನಿಂತಿರ್ಲಿಲ್ಲ ನಾನು.”

“ಗೊತ್ತು,” ಎಂದ ಮಾಸ್ಟರ್. “ನಾನು ನಿಮ್ಮ ಮುಖಾನೇ ನೋಡ್ತಾ ಇದ್ದೆ. ಆ ಮುಖದ ಪರಿಚಯ ಇದೆ ನನಗೆ. ಗೇಟಲ್ಲಿ ನಿಮ್ಮ ಬ್ಯಾಗು ಸುರಿದಾಗ, ಅಲ್ಲಿ ಗೋಡೆ ಮೇಲೆ ಒಂದು ಕನ್ನಡಿ ಇತ್ತು.”

ಅವನು ವ್ಯಂಗ್ಯವಾಡಲಿಲ್ಲ, ಆರೋಪಿಸಲೂ ಇಲ್ಲ. ಒಬ್ಬ ಕಸುಬಿನವನು ಇನ್ನೊಬ್ಬ ಕಸುಬಿನವಳಿಗೆ ಹೊಲಿಗೆಯ ವಿಷಯ ಹೇಳುವಂತೆ ಹೇಳಿದ. ಅದಕ್ಕೇ ಅದು ಅವಳ ಎದೆಗೆ ನೇರವಾಗಿ ಹೋಯಿತು. ಇಷ್ಟು ವರ್ಷ ಅವಳ ಲೆಕ್ಕದಲ್ಲಿ ಜನ ಎರಡೇ ಬಗೆ ಇದ್ದರು, ಅವನಂಥವರು ಮತ್ತು ಅವಳು. ಈಗ ಆ ಎರಡರ ನಡುವಿನ ಗೋಡೆ ಎಲ್ಲಿತ್ತು ಎಂದು ಹುಡುಕಿದರೂ ಸಿಗಲಿಲ್ಲ. ಅವನ ಪಾಪ ದೊಡ್ಡದು, ತನ್ನದು ಸಣ್ಣದು ಎಂದುಕೊಂಡಳು. ನಿಜವೇ. ಆದರೆ ಎರಡೂ ಒಂದೇ ಬಟ್ಟೆಯವು.

ಕ್ಷಮಿಸಿ ಎನ್ನಬೇಕು. ಆ ಮಾತನ್ನು ಕೇಳಿಸಿಕೊಳ್ಳಲು ಅವಳು ಅರ್ಧ ಆಯುಷ್ಯ ಕಾದಿದ್ದಳೇ ಹೊರತು ಹೇಳಿ ಅಭ್ಯಾಸವಿರಲಿಲ್ಲ. ಅವನು ತೊಟ್ಟಿಯಲ್ಲಿ ಯಾಕೆ ಅಷ್ಟು ಹೊತ್ತು ತೆಗೆದುಕೊಂಡ ಎಂಬುದು ಅವಳಿಗೆ ಈಗ ಗೊತ್ತಾಯಿತು. ಕೊನೆಗೆ ನೆಲ ನೋಡುತ್ತ ಏನೋ ಗೊಣಗಿದಳು.

“ಏನಂದ್ರಿ?” ಮಾಸ್ಟರ್ ಕಿವಿಗೆ ಕೈಯೊಡ್ಡಿದ. “ಮೆಷೀನು ಸದ್ದಲ್ಲಿ ಕೆಲಸ ಮಾಡಿದ ಕಿವಿ, ಸ್ವಲ್ಪ ಜೋರಾಗಿ ಹೇಳಿ.”

ನಿಜಕ್ಕೂ ಕೇಳಿಸಲಿಲ್ಲವೋ, ತನಗೂ ಒಂದು ಮುಳುಗು ಹಾಕಿಸುತ್ತಿದ್ದಾನೋ, ಅವನ ಮುಖ ನೋಡಿದರೆ ಹೇಳುವಂತಿರಲಿಲ್ಲ. ವಾರ್ಡಿನ ತುಂಬ ಜನ. ಪಕ್ಕದ ಮಂಚದವನು ಓದುತ್ತಿದ್ದ ಪೇಪರು ತಗ್ಗಿಸಿದ. ಟೈಲರಕ್ಕನ ಮುಖ ಕೆಂಪಾಯಿತು.

“ನೀವು ನಡುಗೋದನ್ನ ನೋಡಿ ನನಗೆ ಸಂತೋಷ ಆಯ್ತು!” ಎಂದು ಕೂಗಿದಳು. “ಇನ್ನೂ ಸ್ವಲ್ಪ ಹೊತ್ತು ನಡುಗ್ಲಿ ಅನ್ನಿಸ್ತು! ತಪ್ಪಾಯ್ತು, ಕ್ಷಮಿಸಿ!”

ಬಾಗಿಲಲ್ಲಿ ನರ್ಸು ಟ್ರೇ ಹಿಡಿದು ನಿಂತುಬಿಟ್ಟಳು. ಯಾರೂ ಸ್ತೋತ್ರ ಎನ್ನಲಿಲ್ಲ, ಎಂಥ ಧೈರ್ಯ ಎಂದು ಯಾರೂ ಹೊಗಳಲಿಲ್ಲ. ಪೇಪರಿನವನು ಅವಳನ್ನು ಕೆಟ್ಟ ಹೆಂಗಸನ್ನು ನೋಡುವಂತೆ ನೋಡಿ, ತನ್ನ ನೀರಿನ ಬಾಟಲಿಯನ್ನು ಮೆಲ್ಲಗೆ ಆ ಕಡೆಗೆ ಸರಿಸಿಕೊಂಡ.

“ಈಗ ಕೇಳಿಸ್ತು,” ಎಂದ ಮಾಸ್ಟರ್, ಮತ್ತು ಸ್ಟೂಲಿನ ತುದಿಯಲ್ಲಿದ್ದವಳು ಸರಿಯಾಗಿ ಕೂರಲೆಂದು ತನ್ನ ಕಾಲುಗಳನ್ನು ಮಂಚದ ಆಚೆಬದಿಗೆ ಎಳೆದುಕೊಂಡು ಜಾಗ ಮಾಡಿಕೊಟ್ಟ.